ಹರಡುವುದು, ಚಾಚುವುದು, ಚದುರುವುದು: ಇಂಗ್ಲಿಷ್ ಕ್ರಿಯಾಪದಗಳ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಗುಂಪಿನ ಪದಗಳಿಗೆ ಸಂಬಂಧಿಸಿವೆ. ಒಂದು ಕಡೆಯಿಂದ ಹೊರಟು ಹೊರಮುಖವಾಗಿ ಸಾಗುವುದನ್ನು, ಅಗಲವಾಗುವುದನ್ನು, ಎಲ್ಲೆಡೆ ತುಂಬಿಕೊಳ್ಳುವುದನ್ನು ಹೇಳುವ ಇಂಗ್ಲಿಷ್ ಕ್ರಿಯಾಪದಗಳು ಅವು. ಹೀಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಉಳಿಸಿಕೊಂಡು, ಇವನ್ನಷ್ಟೇ ಇಲ್ಲಿ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಾನು ಅನುವಾದದ ಕೆಲಸ ಮಾಡುತ್ತೇನೆ. ‘ಸ್ಪ್ರೆಡ್’, ‘ಎಕ್ಸ್‌ಟೆಂಡ್’, ‘ಎಕ್ಸ್‌ಪ್ಯಾಂಡ್’, ‘ಸ್ಟ್ರೆಚ್’, ‘ಸ್ಕ್ಯಾಟರ್’, ‘ಡಿಸ್ಪರ್ಸ್’ ಇವುಗಳಲ್ಲಿ ಯಾವುದಕ್ಕೆ ನಿಘಂಟು ತೆರೆದರೂ ‘ಹರಡು, ವಿಸ್ತರಿಸು, ವ್ಯಾಪಿಸು’ ಎಂಬ ಅರ್ಥಗಳೇ ಕಾಣುತ್ತವೆ. ಕನ್ನಡದಿಂದ ಇಂಗ್ಲಿಷಿಗೆ ಬರೆಯುವಾಗ ಯಾವುದನ್ನು ಆರಿಸಬೇಕೆಂದು ತೀರ್ಮಾನಿಸುವುದು ಹೇಗೆ?

ಉತ್ತರ: ಒಂದೇ ಒಂದು ಪ್ರಶ್ನೆಯನ್ನು ಕೇಳಿಕೊಂಡರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ: ಹೊರಟ ಜಾಗದಲ್ಲಿ ಈಗ ಏನು ಉಳಿದಿದೆ? ಎಷ್ಟು ದೂರ ಹೋಯಿತು, ಎಷ್ಟು ಬೇಗ ಹೋಯಿತು ಎನ್ನುವುದೆಲ್ಲ ಆಮೇಲಿನ ಮಾತು.

ವಸ್ತು ಇದ್ದಲ್ಲೇ ಇಡಿಯಾಗಿ ಉಳಿದು ಅದರ ಅಂಚು ಮಾತ್ರ ಮುಂದಕ್ಕೆ ಸರಿದಿದ್ದರೆ ‘ಎಕ್ಸ್‌ಟೆಂಡ್’, ‘ಸ್ಟ್ರೆಚ್’, ‘ಎಕ್ಸ್‌ಪ್ಯಾಂಡ್’ ಈ ಮೂರರಲ್ಲಿ ಒಂದು ಬೇಕಾಗುತ್ತದೆ. ಇವುಗಳಲ್ಲಿ ‘ಎಕ್ಸ್‌ಟೆಂಡ್’ ಸಾಮಾನ್ಯವಾಗಿ ಒಂದು ದಿಕ್ಕಿನದು. ಅದು ಉದ್ದವನ್ನೋ ಗಡಿಯನ್ನೋ ಕಾಲಾವಧಿಯನ್ನೋ ಮುಂದಕ್ಕೆ ತಳ್ಳುತ್ತದೆ. ‘ಎಕ್ಸ್‌ಪ್ಯಾಂಡ್’ ಎಲ್ಲ ದಿಕ್ಕಿನಲ್ಲೂ ಹಿಗ್ಗುವುದನ್ನು ಹೇಳುತ್ತದೆ. ಕಾಯಿಸಿದ ಲೋಹವಾಗಲಿ ಬಿಸಿಯಾದ ಅನಿಲವಾಗಲಿ ‘ಎಕ್ಸ್‌ಪ್ಯಾಂಡ್’ ಆಗುತ್ತದೆಯೇ ಹೊರತು ‘ಎಕ್ಸ್‌ಟೆಂಡ್’ ಆಗುವುದಿಲ್ಲ. ದೂರದ ಗೆಲಾಕ್ಸಿಗಳು ತಮ್ಮ ದೂರಕ್ಕೆ ತಕ್ಕ ವೇಗದಲ್ಲಿ ನಮ್ಮಿಂದ ಸರಿಯುತ್ತಿವೆ ಎಂದು ಎಡ್ವಿನ್ ಹಬಲ್ 1929ರಲ್ಲಿ ತೋರಿಸಿದ ಮೇಲೆ ವಿಶ್ವದ ವಿಷಯದಲ್ಲಿ ರೂಢಿಗೆ ಬಂದದ್ದೂ ‘ಎಕ್ಸ್‌ಪ್ಯಾಂಡ್’ ಎಂಬ ಮಾತೇ. ಹಿಗ್ಗುವುದಕ್ಕೆ ನಿರ್ದಿಷ್ಟ ದಿಕ್ಕೇ ಇಲ್ಲದ ಕಡೆ ‘ಎಕ್ಸ್‌ಟೆಂಡ್’ ಎಂದರೆ ಅರ್ಥ ಕೆಡುತ್ತದೆ. ಇನ್ನು ‘ಸ್ಟ್ರೆಚ್’ ಎಂಬುದರೊಳಗೆ ಬಿಗಿತ ಸೇರಿಕೊಂಡಿದೆ. ಎಳೆಯುವ ಬಲ, ಸಹಜವಾದ ಅಳತೆಯನ್ನು ಮೀರಿಸುವ ಪ್ರಯತ್ನ ಅದರಲ್ಲಿ ಸದಾ ಇರುತ್ತದೆ. ಹಣವನ್ನೋ ಸತ್ಯವನ್ನೋ ‘ಸ್ಟ್ರೆಚ್’ ಮಾಡಿದರೆಂದಾಗ ಕೇಳುವವರಿಗೆ ಅದು ಇನ್ನೇನು ಹರಿಯುವಂತಿದೆ ಎಂಬ ಸೂಚನೆಯೂ ಜೊತೆಯಲ್ಲೇ ತಲುಪುತ್ತದೆ.

ಹೊರಟ ಜಾಗ ಬರಿದಾಗಿದ್ದರೆ ‘ಸ್ಕ್ಯಾಟರ್’ ಅಥವಾ ‘ಡಿಸ್ಪರ್ಸ್’ ಬರುತ್ತದೆ. ಸಭೆ ಮುಗಿದ ಮೇಲೆ ಜನ ತಮ್ಮ ತಮ್ಮ ದಾರಿ ಹಿಡಿದು ಹೋಗುವುದು ‘ಡಿಸ್ಪರ್ಸ್’. ಗುಂಡಿನ ಸದ್ದು ಕೇಳಿ ಹಕ್ಕಿಗಳು ದಿಕ್ಕಾಪಾಲಾಗುವುದು ‘ಸ್ಕ್ಯಾಟರ್’. ಮೊದಲನೆಯದರಲ್ಲಿ ಕೊನೆಗೊಳ್ಳುವ ಭಾವ ಇದೆ, ಎರಡನೆಯದರಲ್ಲಿ ಗಾಬರಿ ಮತ್ತು ಅಸ್ತವ್ಯಸ್ತತೆ. ಇದೇ ಗುಂಪಿನ ‘ಸ್ಟ್ರೂ’ ಎಂಬ ಕ್ರಿಯಾಪದ ಚೆಲ್ಲುವ ಕ್ರಿಯೆಗಿಂತ ಚೆಲ್ಲಿ ಬಿದ್ದಿರುವ ನೆಲದ ಕಡೆಗೇ ಹೆಚ್ಚು ಬೆರಳು ತೋರಿಸುತ್ತದೆ. ಆದ್ದರಿಂದಲೇ ಅದು ಬಹುಮಟ್ಟಿಗೆ ‘ಸ್ಟ್ರೂನ್ ವಿತ್’ ಎಂಬ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ.

ಮೂರನೆಯ ಸ್ಥಿತಿಯಲ್ಲಿ ಮೂಲ ಹಾಗೆಯೇ ಉಳಿದು ಅದೇ ವಸ್ತು ಹೊಸ ಹೊಸ ಕಡೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಗಾಳಿಸುದ್ದಿ ಹೇಳಿದವನ ಬಳಿ ಆ ಸುದ್ದಿ ಕಡಿಮೆಯಾಗುವುದಿಲ್ಲ; ರೋಗ ಇನ್ನೊಬ್ಬರಿಗೆ ಅಂಟಿದ ಮಾತ್ರಕ್ಕೆ ಮೊದಲಿನವರನ್ನು ಬಿಟ್ಟು ಹೋಗುವುದಿಲ್ಲ. ಇಲ್ಲಿ ‘ಸ್ಪ್ರೆಡ್’ ತನ್ನ ನಿಜವಾದ ಮನೆಯಲ್ಲಿದೆ. ಅದರ ನೆರೆಯವರಾದ ‘ರೇಡಿಯೇಟ್’ ಎಂಬುದಕ್ಕೆ ಒಂದು ಕೇಂದ್ರ ಬೇಕು, ಆ ಕೇಂದ್ರದಿಂದ ಸುತ್ತಲೂ ಹೊರಡುವ ಗೆರೆಗಳು ಬೇಕು. ಲ್ಯಾಟಿನ್ನಿನ ‘ರೇಡಿಯಸ್’ ಎಂದರೆ ಚಕ್ರದ ಅರೆಕಾಲು, ಬೆಳಕಿನ ಕಿರಣ ಎಂಬ ಅರ್ಥಗಳೇ ಇದ್ದವು. ‘ಪ್ರೊಲಿಫರೇಟ್’ ಎಂಬುದಕ್ಕಾದರೋ ಜಾಗದ ಚಿಂತೆಯೇ ಇಲ್ಲ, ಅದರ ಲೆಕ್ಕವೆಲ್ಲ ಸಂಖ್ಯೆಯದು. ಒಂದಿದ್ದದ್ದು ಬೇಗ ಬೇಗ ಹಲವಾಗುವುದೇ ಅದರ ಅರ್ಥ. 1968ರಲ್ಲಿ ಸಹಿಗೆ ತೆರೆದ, 1970ರಿಂದ ಜಾರಿಗೆ ಬಂದ ಪರಮಾಣು ಅಸ್ತ್ರಗಳ ಒಪ್ಪಂದದ ಹೆಸರಿನಲ್ಲಿ ‘ನಾನ್‌-ಪ್ರೊಲಿಫರೇಷನ್’ ಇರುವುದಕ್ಕೆ ಕಾರಣವೂ ಇದೇ, ಅಸ್ತ್ರಗಳೂ ಅವನ್ನು ಹೊಂದಿದ ದೇಶಗಳೂ ಹೆಚ್ಚಬಾರದೆಂಬುದು ಅಲ್ಲಿನ ಆತಂಕ.

ನಾಲ್ಕನೆಯದು ಮತ್ತೊಂದರ ಒಳಹೊಕ್ಕು ಬೆರೆತುಹೋಗುವ ಸ್ಥಿತಿ. ‘ಡಿಫ್ಯೂಸ್’, ‘ಪರ್ಮಿಯೇಟ್’, ‘ಪರ್ವೇಡ್’ ಇಲ್ಲಿಗೆ ಸೇರುತ್ತವೆ. ಅವುಗಳ ಬಗ್ಗೆ ಬೇರೆ ಓದುಗರೂ ಕೇಳಿರುವುದರಿಂದ ಕೆಳಗೆ ನೋಡಬಹುದು.

ಈ ವಿಂಗಡಣೆಗೆ ದೊಡ್ಡ ಅಪವಾದ ‘ಸ್ಪ್ರೆಡ್’. ಅದು ನಾಲ್ಕೂ ಗುಂಪುಗಳಲ್ಲಿ ಸಲೀಸಾಗಿ ಓಡಾಡುತ್ತದೆ: ಹಕ್ಕಿ ರೆಕ್ಕೆಯನ್ನು ‘ಸ್ಪ್ರೆಡ್’ ಮಾಡುತ್ತದೆ, ಹುಡುಕಲು ಹೊರಟ ತಂಡ ‘ಸ್ಪ್ರೆಡ್ ಔಟ್’ ಆಗುತ್ತದೆ, ಬಟ್ಟೆಯ ಮೇಲೆ ಬಿದ್ದ ಶಾಯಿ ‘ಸ್ಪ್ರೆಡ್’ ಆಗುತ್ತದೆ. ಸಂಶಯ ಬಂದಾಗ ಅದನ್ನೇ ಬರೆದರೆ ತಪ್ಪಾಗುವ ಸಂಭವ ಕಡಿಮೆ, ಆದರೆ ಒಂದೇ ಪುಟದಲ್ಲಿ ಮೂರು ಸಲ ಬಂದರೆ ಬರಹ ಸಪ್ಪೆಯಾಗುತ್ತದೆ.

ನನ್ನ ಅಭಿಪ್ರಾಯದಲ್ಲಿ ತೊಡಕಿನ ಮೂಲ ಇಂಗ್ಲಿಷಿನಲ್ಲಿಲ್ಲ. ನಾವು ಬರವಣಿಗೆಯ ಕನ್ನಡದಲ್ಲಿ ಎಲ್ಲಕ್ಕೂ ‘ವಿಸ್ತರಿಸು’, ‘ವ್ಯಾಪಿಸು’ ಎಂದು ಬರೆದು, ಕನ್ನಡದ ಕಿವಿಗೆ ಮೊದಲಿನಿಂದಲೂ ಗೊತ್ತಿದ್ದ ವ್ಯತ್ಯಾಸಗಳನ್ನು ಅಳಿಸಿಹಾಕುತ್ತಿದ್ದೇವೆ. ಕೈ ಚಾಚುತ್ತದೆ, ಬಳ್ಳಿ ಹಬ್ಬುತ್ತದೆ, ಗುಂಪು ಚದುರುತ್ತದೆ, ಎದೆ ಹಿಗ್ಗುತ್ತದೆ, ದೀಪ ಬೆಳಕು ಬೀರುತ್ತದೆ, ದಾರಿ ಕವಲೊಡೆಯುತ್ತದೆ. ಇವುಗಳಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಇಡಲು ಯಾರೂ ಹೋಗುವುದಿಲ್ಲ. ಮೂಲದಲ್ಲಿ ‘ವಿಸ್ತರಿಸು’ ಎಂದಿದ್ದರೆ ಇಂಗ್ಲಿಷ್ ನಿಘಂಟಿಗೆ ಕೈಹಾಕುವ ಮೊದಲು ಆ ಜಾಗದಲ್ಲಿ ಈ ಅಚ್ಚಗನ್ನಡ ಕ್ರಿಯಾಪದಗಳಲ್ಲಿ ಯಾವುದು ಕೂರುತ್ತದೆಂದು ಪರೀಕ್ಷಿಸಿ. ‘ಚಾಚು’ ಹೊಂದಿದರೆ ‘ಎಕ್ಸ್‌ಟೆಂಡ್’, ‘ಹಿಗ್ಗು’ ಹೊಂದಿದರೆ ‘ಎಕ್ಸ್‌ಪ್ಯಾಂಡ್’, ‘ಚದುರು’ ಹೊಂದಿದರೆ ‘ಡಿಸ್ಪರ್ಸ್’, ‘ಕವಲೊಡೆ’ ಹೊಂದಿದರೆ ‘ಬ್ರಾಂಚ್’ ಎಂಬ ಲೆಕ್ಕ ಹೆಚ್ಚಿನ ಸಂದರ್ಭಗಳಲ್ಲಿ ಸರಿಹೋಗುತ್ತದೆ. ಕನ್ನಡದಲ್ಲಿ ಒಂದೇ ಪದ ಸಿಕ್ಕದೆ ಕಾಡುವುದು ‘ಸ್ಪ್ರಾಲ್’. ಕೈಕಾಲುಗಳನ್ನು ಎತ್ತೆತ್ತಲೋ ಚೆಲ್ಲಿ ಬಿದ್ದುಕೊಂಡಿರುವುದು ಅದರ ಅರ್ಥವಾದ್ದರಿಂದ, ಒಂದು ನಗರ ‘ಸ್ಪ್ರಾಲ್’ ಆಗಿದೆ ಎಂದ ಲೇಖಕ ಅದರ ವಿಸ್ತೀರ್ಣವನ್ನು ಹೇಳುವುದರ ಜೊತೆಗೆ ಅದು ಅಂಕೆಯಿಲ್ಲದೆ ಬೆಳೆದಿದೆ ಎಂದು ಟೀಕಿಸುತ್ತಲೂ ಇರುತ್ತಾನೆ.

ಪ್ರಶ್ನೆ: ‘ಬೆಟ್ಟಸಾಲು ಸಮುದ್ರದವರೆಗೆ ಚಾಚಿಕೊಂಡಿದೆ’ ಎಂಬುದನ್ನು ನನ್ನ ವಿದ್ಯಾರ್ಥಿಯೊಬ್ಬ ‘ದ ರೇಂಜ್ ಹ್ಯಾಸ್ ಎಕ್ಸ್‌ಟೆಂಡೆಡ್ ಟಿಲ್ ದ ಸೀ’ ಎಂದು ಅನುವಾದಿಸಿದ. ತಪ್ಪೆಂದು ತೋರಿತು, ಆದರೆ ಏಕೆ ತಪ್ಪೆಂದು ವಿವರಿಸಲು ಆಗಲಿಲ್ಲ.

ಉತ್ತರ: ಆ ವಾಕ್ಯದಲ್ಲಿ ಎರಡು ತಪ್ಪುಗಳಿವೆ. ಎರಡೂ ಕನ್ನಡದ ವಾಕ್ಯರಚನೆಯಿಂದಲೇ ಹುಟ್ಟಿರುವುದರಿಂದ ವಿದ್ಯಾರ್ಥಿಯನ್ನು ಹೆಚ್ಚು ದೂರುವಂತಿಲ್ಲ.

ಮೊದಲನೆಯದು ಕಾಲರೂಪ. ಬೆಟ್ಟ ಎಲ್ಲಿಗೂ ಚಲಿಸಿಲ್ಲ, ಅದು ಇರುವ ಸ್ಥಿತಿಯನ್ನಷ್ಟೇ ನಾವು ವರ್ಣಿಸುತ್ತಿದ್ದೇವೆ. ಆದರೂ ನೋಡುವವರ ಕಣ್ಣು ಬೆಟ್ಟದ ಬೆನ್ನಿನ ಮೇಲೆ ಹಾದುಹೋಗುವುದರಿಂದ ಚಲನೆಯ ಕ್ರಿಯಾಪದವನ್ನೇ ಬಳಸುತ್ತೇವೆ. ಕನ್ನಡವೂ ಇಂಗ್ಲಿಷೂ ಹಾಗೆಯೇ ಮಾಡುತ್ತವೆ. ಅಮೆರಿಕದ ಭಾಷಾವಿಜ್ಞಾನಿ ಲೆನರ್ಡ್ ಟಾಲ್ಮಿ ಇದನ್ನು ಕಲ್ಪಿತ ಚಲನೆ ಎಂಬ ಅರ್ಥದ ಹೆಸರಿನಿಂದ ಗುರುತಿಸಿದ್ದಾರೆ. ಭಾಷೆಗಳು ಬೇರೆಯಾಗುವುದು ಆ ಕ್ರಿಯಾಪದಕ್ಕೆ ತೊಡಿಸುವ ರೂಪದಲ್ಲಿ. ಚಾಚುವ ಕೆಲಸ ಎಂದೋ ಮುಗಿದು ಅದರ ಫಲ ಈಗ ಕಣ್ಣೆದುರು ಇದೆ ಎಂಬಂತೆ ಕನ್ನಡ ‘ಚಾಚಿಕೊಂಡಿದೆ’, ‘ಹಬ್ಬಿದೆ’, ‘ಹರಡಿದೆ’ ಎನ್ನುತ್ತದೆ. ಇಂಗ್ಲಿಷಾದರೋ ಸ್ಥಿರವಾದ ಸ್ಥಿತಿಗೆ ಸರಳ ವರ್ತಮಾನವನ್ನು ಬಳಸಿ ‘ದ ರೇಂಜ್ ಎಕ್ಸ್‌ಟೆಂಡ್ಸ್ ಟು ದ ಸೀ’ ಎನ್ನುತ್ತದೆ. ‘ಹ್ಯಾಸ್ ಎಕ್ಸ್‌ಟೆಂಡೆಡ್’ ಎಂದರೆ ಬೆಟ್ಟ ಮೊದಲು ಚಿಕ್ಕದಿದ್ದು ಈಚೆಗೆ ಬೆಳೆದು ಸಮುದ್ರ ಮುಟ್ಟಿತು ಎಂದಾಗುತ್ತದೆ. ‘ಈಸ್ ಎಕ್ಸ್‌ಟೆಂಡಿಂಗ್’ ಎಂದರಂತೂ ಅದು ಈಗಲೂ ನಡೆದುಕೊಂಡು ಹೋಗುತ್ತಿದೆ ಎಂದಾಗುತ್ತದೆ. ನಿಜವಾದ ಬೆಳವಣಿಗೆ ನಡೆದಿದ್ದರೆ ಇದೇ ರೂಪಗಳು ಸರಿಯಾಗುತ್ತವೆ: ನಗರ ನದಿಯವರೆಗೆ ಬೆಳೆದಿದ್ದರೆ ‘ಹ್ಯಾಸ್ ಸ್ಪ್ರೆಡ್’, ಬೆಂಕಿ ಹಬ್ಬುತ್ತಿದ್ದರೆ ‘ಈಸ್ ಸ್ಪ್ರೆಡಿಂಗ್’. ‘ಪೇಪರ್ಸ್ ಆರ್ ಸ್ಪ್ರೆಡ್ ಅಕ್ರಾಸ್ ದ ಟೇಬಲ್’ ಎನ್ನುವಾಗಿನ ‘ಸ್ಪ್ರೆಡ್’ ಕಾಗದಗಳ ಸ್ಥಿತಿಯನ್ನು ಹೇಳುವ ವಿಶೇಷಣದಂತೆ ಕೆಲಸ ಮಾಡುತ್ತದೆ, ಆದ್ದರಿಂದ ಅದಕ್ಕೆ ಈ ಆಕ್ಷೇಪ ತಗಲುವುದಿಲ್ಲ.

ಎರಡನೆಯ ತಪ್ಪು ‘ಟಿಲ್’. ನಮ್ಮ ‘ವರೆಗೆ’ ಎಂಬುದು ನಾಳೆಯವರೆಗೂ ಹೋಗುತ್ತದೆ, ನದಿಯವರೆಗೂ ಹೋಗುತ್ತದೆ. ಶಿಷ್ಟ ಇಂಗ್ಲಿಷಿನ ‘ಟಿಲ್’ ಕಾಲಕ್ಕೆ ಮಾತ್ರ ಮೀಸಲು. ಜಾಗದ ಮಾತಿಗೆ ‘ಟು’, ‘ಅಪ್ ಟು’ ಅಥವಾ ‘ಆ್ಯಸ್ ಫಾರ್ ಆ್ಯಸ್’ ಬೇಕು. ಹಾಗೆಯೇ ತಲುಪುವ ಕೊನೆಯನ್ನು ಹೇಳುವಾಗ ‘ಎಕ್ಸ್‌ಟೆಂಡ್ ಟು’, ಆವರಿಸಿದ ಪ್ರದೇಶವನ್ನು ಹೇಳುವಾಗ ‘ಎಕ್ಸ್‌ಟೆಂಡ್ ಓವರ್’, ಗಡಿ ದಾಟಿದಾಗ ‘ಎಕ್ಸ್‌ಟೆಂಡ್ ಬಿಯಾಂಡ್’, ಇಷ್ಟು ಕಿಲೋಮೀಟರ್ ಎಂದು ಅಳತೆ ಕೊಡುವಾಗ ‘ಎಕ್ಸ್‌ಟೆಂಡ್ ಫಾರ್’ ಎಂದು ಬರೆಯಬೇಕು.

ಪ್ರಶ್ನೆ: ‘ದ ನ್ಯೂಸ್ ಸ್ಪ್ರೆಡ್’ ಸರಿಯೇ, ‘ದ ನ್ಯೂಸ್ ವಾಸ್ ಸ್ಪ್ರೆಡ್’ ಸರಿಯೇ? ‘ಸ್ಪ್ರೆಡೆಡ್’ ಎಂಬ ರೂಪವನ್ನೂ ಕೇಳಿದ್ದೇನೆ.

ಉತ್ತರ: ಮೊದಲ ಎರಡೂ ಸರಿ, ಮೂರನೆಯದು ಶಿಷ್ಟ ಇಂಗ್ಲಿಷಿನಲ್ಲಿಲ್ಲ. ಈ ಕ್ರಿಯಾಪದದ ಮೂರು ರೂಪಗಳೂ ಒಂದೇ. ಉಚ್ಚಾರಣೆಯೂ ಬದಲಾಗುವುದಿಲ್ಲ. ಹಾಗಾಗಿ ‘ಇಟ್ ಸ್ಪ್ರೆಡ್ಸ್’ ಮತ್ತು ‘ಇಟ್ ಸ್ಪ್ರೆಡ್’ ಎಂಬಲ್ಲಿ ವರ್ತಮಾನವನ್ನು ಭೂತದಿಂದ ಬೇರ್ಪಡಿಸುವುದು ಕೊನೆಯ ಒಂದು ಸಕಾರ ಮಾತ್ರ. ಅವಸರದಲ್ಲಿ ಅದನ್ನು ಬಿಟ್ಟರೆ ಕಾಲವೇ ಬದಲಾಗಿಬಿಡುತ್ತದೆ. ‘ಬ್ರಾಡ್‌ಕಾಸ್ಟ್’ ಕೂಡ ಇದೇ ಜಾತಿಯದು. ‘ಬ್ರಾಡ್‌ಕಾಸ್ಟೆಡ್’ ಎಂಬುದನ್ನು ಕೆಲವು ನಿಘಂಟುಗಳು ಒಪ್ಪಿಕೊಂಡಿದ್ದರೂ ಎಚ್ಚರಿಕೆಯ ಬರಹದಲ್ಲಿ ಅದು ವಿರಳ.

ಮೊದಲ ಎರಡರ ನಡುವಿನ ವ್ಯತ್ಯಾಸ ಗಮನಿಸತಕ್ಕದ್ದು. ‘ಚದುರು–ಚದುರಿಸು’, ‘ಹಬ್ಬು–ಹಬ್ಬಿಸು’, ‘ಹಿಗ್ಗು–ಹಿಗ್ಗಿಸು’ ಎಂದು ನಾವು ಪ್ರತ್ಯಯ ಸೇರಿಸಿ ತಾನಾಗಿ ಆದದ್ದನ್ನೂ ಒಬ್ಬರು ಮಾಡಿದ್ದನ್ನೂ ಬೇರೆ ಮಾಡುತ್ತೇವೆ. ಇಂಗ್ಲಿಷಿನ ‘ಸ್ಪ್ರೆಡ್’, ‘ಎಕ್ಸ್‌ಪ್ಯಾಂಡ್’, ‘ಸ್ಟ್ರೆಚ್’, ‘ಸ್ಕ್ಯಾಟರ್’, ‘ಡಿಸ್ಪರ್ಸ್’ ಎರಡಕ್ಕೂ ಒಂದೇ ರೂಪವನ್ನು ಬಳಸುತ್ತವೆ, ನಮ್ಮ ‘ಹರಡು’ ಇರುವ ಹಾಗೆ. ಸುದ್ದಿ ‘ಸ್ಪ್ರೆಡ್’ ಆಯಿತು ಎಂದರೆ ತಾನಾಗಿ ಹಬ್ಬಿತು. ‘ವಾಸ್ ಸ್ಪ್ರೆಡ್’ ಎಂದರೆ ಯಾರೋ ಬೇಕೆಂದೇ ಹಬ್ಬಿಸಿದರು, ಅವರ ಹೆಸರನ್ನು ಮಾತ್ರ ವಾಕ್ಯ ಹೇಳುತ್ತಿಲ್ಲ. ವದಂತಿಗಳ ಬಗ್ಗೆ ವರದಿ ಬರೆಯುವವರು ಈ ಎರಡರಲ್ಲಿ ಯಾವುದನ್ನು ಆರಿಸುತ್ತಾರೆ ಎಂಬುದು ಬರೀ ವ್ಯಾಕರಣದ ಆಯ್ಕೆಯಲ್ಲ. ಎಲ್ಲ ಕ್ರಿಯಾಪದಗಳಿಗೂ ಈ ಸ್ವಾತಂತ್ರ್ಯ ಇಲ್ಲ. ‘ಡಿಸೆಮಿನೇಟ್’ ಮತ್ತು ‘ಪರ್ವೇಡ್’ ಕರ್ಮಪದವನ್ನು ಬೇಡುತ್ತವೆ. ‘ಪ್ರೊಲಿಫರೇಟ್’ ಬಹುಮಟ್ಟಿಗೆ ತಾನಾಗಿಯೇ ಆಗುತ್ತದೆ.

ಪ್ರಶ್ನೆ: ವಿಜ್ಞಾನದ ಪಾಠಗಳಲ್ಲಿ ಬೆಳಕು ‘ಸ್ಕ್ಯಾಟರ್’ ಆಗುತ್ತದೆ, ‘ಡಿಸ್ಪರ್ಸ್’ ಆಗುತ್ತದೆ, ‘ಡಿಫ್ಯೂಸ್’ ಕೂಡ ಆಗುತ್ತದೆ. ಮಾತಿನಲ್ಲಿರುವ ಅರ್ಥಗಳು ಇಲ್ಲಿಗೂ ಅನ್ವಯಿಸುತ್ತವೆಯೇ?

ಉತ್ತರ: ಅರ್ಥದ ನೆರಳು ಇರುತ್ತದೆ, ಆದರೆ ವಿಜ್ಞಾನದಲ್ಲಿ ಪ್ರತಿಯೊಂದೂ ತನ್ನದೇ ಗಡಿಯುಳ್ಳ ಪಾರಿಭಾಷಿಕ ಪದ, ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದರೆ ಉತ್ತರವೇ ತಪ್ಪಾಗುತ್ತದೆ. ಪಟ್ಟಕದ ಮೂಲಕ ಹಾಯ್ದ ಬಿಳಿಯ ಬೆಳಕು ಬಣ್ಣಬಣ್ಣವಾಗಿ ಬೇರ್ಪಡುವುದು ‘ಡಿಸ್ಪರ್ಷನ್’, ಕನ್ನಡದಲ್ಲಿ ವರ್ಣವಿಭಜನೆ. ನ್ಯೂಟನ್ನರು 1672ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಿವರಿಸಿದ್ದು ಇದನ್ನೇ. ಇಲ್ಲಿ ಪ್ರತಿ ಬಣ್ಣವೂ ತನ್ನ ದಾರಿ ಹಿಡಿದು ಹೋಗುವುದರಿಂದ ಸಭೆ ಮುಗಿದ ಜನರ ‘ಡಿಸ್ಪರ್ಸ್’ ಜೊತೆ ನಂಟು ಕಾಣುತ್ತದೆ. ಗಾಳಿಯ ಅಣುಗಳಂಥ ಸೂಕ್ಷ್ಮ ಕಣಗಳಿಗೆ ಬಡಿದ ಬೆಳಕು ಹಲವು ದಿಕ್ಕುಗಳಿಗೆ ತಿರುಗಿಹೋಗುವುದು ‘ಸ್ಕ್ಯಾಟರಿಂಗ್’, ಅಂದರೆ ಚದುರುವಿಕೆ. ಆಕಾಶದ ನೀಲಿಗೆ ಕಾರಣ ಅದು, ಸಿ.ವಿ. ರಾಮನ್ 1928ರಲ್ಲಿ ಕಂಡುಹಿಡಿದ ಪರಿಣಾಮವೂ ಚದುರುವಿಕೆಗೆ ಸೇರಿದ್ದು. ಚದುರಿದಷ್ಟೂ ನೇರ ಕಿರಣ ದುರ್ಬಲವಾಗುತ್ತ ಹೋಗುತ್ತದೆ. ಹೊರಟದ್ದು ಬರಿದಾಗುತ್ತದೆ ಎಂಬ ಆಡುಮಾತಿನ ಲಕ್ಷಣ ಇಲ್ಲಿಯೂ ಉಳಿದಿದೆ.

‘ಡಿಫ್ಯೂಷನ್’ ಮೂಲತಃ ಕಣಗಳ ಮಾತು. ದಟ್ಟವಾಗಿರುವ ಕಡೆಯಿಂದ ವಿರಳವಾಗಿರುವ ಕಡೆಗೆ ಕಣಗಳು ಯಾರೂ ಕಲಕದೆಯೇ ಬೆರೆತುಕೊಳ್ಳುವುದಕ್ಕೆ ಆ ಹೆಸರು. ಅದರ ನಿಯಮಗಳನ್ನು 1855ರಲ್ಲಿ ರೂಪಿಸಿದವರು ಅಡಾಲ್ಫ್ ಫಿಕ್. ಒರಟು ಮೇಲ್ಮೈಯಿಂದ ಬೆಳಕು ಎಲ್ಲೆಡೆಗೆ ಪ್ರತಿಫಲಿಸಿದಾಗಲೂ ‘ಡಿಫ್ಯೂಸ್’ ಎನ್ನುತ್ತಾರೆ, ಆದರೆ ಅಲ್ಲಿ ಅದು ವಿಶೇಷಣ. ಕ್ರಿಯಾಪದವಾದಾಗ ಕೊನೆಯ ಧ್ವನಿ ‘ರೋಸ್’ ಹೂವಿನ ಹೆಸರಿನ ಕೊನೆಯಂತೆ ಘೋಷವಾಗಿಯೂ ವಿಶೇಷಣವಾದಾಗ ‘ಬಸ್’ ಎಂಬುದರ ಕೊನೆಯಂತೆ ಅಘೋಷವಾಗಿಯೂ ಇರಬೇಕು. ಪ್ರಸಂಗವಶಾತ್ ಇನ್ನೊಂದು ಮಾತು: ಬಿಗುವಿನ ಪರಿಸ್ಥಿತಿಯನ್ನು ಶಮನಗೊಳಿಸುವುದು ‘ಡಿಫ್ಯೂಸ್’ ಅಲ್ಲ, ಬಾಂಬಿನ ಫ್ಯೂಸ್ ತೆಗೆಯುವ ಅರ್ಥದ ‘ಡೀಫ್ಯೂಸ್’. ಬಿಗುವನ್ನು ‘ಡಿಫ್ಯೂಸ್’ ಮಾಡಿದರೆ ಅದು ಎಲ್ಲ ಕಡೆಗೂ ಹರಡುತ್ತದೆ.

‘ಪ್ರಾಪಗೇಟ್’ ಎಂಬುದನ್ನು ಅಲೆಗಳಿಗೆ ಬಳಸುತ್ತಾರೆ. ಶಬ್ದದ ಅಲೆ ಮುಂದೆ ಸಾಗುತ್ತದೆ, ಗಾಳಿಯ ಕಣಗಳು ತಮ್ಮ ಜಾಗದ ಸುತ್ತಲೇ ಕಂಪಿಸುತ್ತಿರುತ್ತವೆ. ‘ರೇಡಿಯೇಟ್’ ಆಗುವ ಶಾಖಕ್ಕೆ ಮಾಧ್ಯಮವೇ ಬೇಡ.

ಪ್ರಶ್ನೆ: ‘ದ ಸ್ಮೆಲ್ ಪರ್ವೇಡೆಡ್ ಇನ್ ದ ರೂಮ್’ ಎಂದು ಬರೆಯಬಹುದೇ? ‘ಪರ್ಮಿಯೇಟ್’ ಎಂಬುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಉತ್ತರ: ‘ಇನ್’ ತೆಗೆದುಹಾಕಿ. ‘ಕೋಣೆಯಲ್ಲಿ ತುಂಬಿತು’ ಎಂಬ ಸಪ್ತಮಿ ವಿಭಕ್ತಿಯೇ ಅದನ್ನು ಒಳಗೆ ತಂದಿದೆ. ಇಂಗ್ಲಿಷಿನಲ್ಲಿ ಕೋಣೆ ನೇರವಾಗಿ ಕರ್ಮಪದ. ‘ಪರ್ಮಿಯೇಟ್’ ಕೂಡ ಹಾಗೆಯೇ, ಆದರೆ ಅದರ ಜೊತೆಯಲ್ಲಿ ‘ಥ್ರೂ’ ಬಂದರೂ ತಪ್ಪಲ್ಲ. ರಂಧ್ರಗಳ ಮೂಲಕ ಇಳಿದು ಒಳಸೇರುವ ಚಿತ್ರ ‘ಪರ್ಮಿಯೇಟ್’ ಎಂಬುದರಲ್ಲಿದೆ, ಆದ್ದರಿಂದ ದ್ರವ, ಅನಿಲಗಳಿಗೆ ಅದು ಒಗ್ಗುತ್ತದೆ. ‘ಪರ್ವೇಡ್’ ವಾತಾವರಣಕ್ಕೆ, ಭಯ ಅನುಮಾನಗಳಂಥ ಭಾವಗಳಿಗೆ ಹೆಚ್ಚು ಹೊಂದುತ್ತದೆ.

ಪ್ರಶ್ನೆ: ‘ಎಕ್ಸ್‌ಟೆಂಡ್’ ಮತ್ತು ಸಂಸ್ಕೃತದ ‘ವಿಸ್ತಾರ’ ಒಂದೇ ಮೂಲದವೆಂದು ಎಲ್ಲೋ ಓದಿದೆ. ನಿಜವೇ?

ಉತ್ತರ: ಸಂಸ್ಕೃತದೊಂದಿಗೆ ನಂಟು ಇರುವುದು ನಿಜ, ಆದರೆ ಹೇಳಿದ ಜೋಡಿ ತಪ್ಪು. ‘ಎಕ್ಸ್‌ಟೆಂಡ್’ ಬಂದದ್ದು ಹೊರಕ್ಕೆ ಎಳೆ ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದದಿಂದ. ಅದರ ಧಾತುವಿಗೆ ಸಂಸ್ಕೃತದಲ್ಲಿ ಸಂವಾದಿ ‘ತನ್’, ಅಂದರೆ ಹಿಗ್ಗಿಸು, ಎಳೆದು ಹರಡು. ನಾವು ದಿನವೂ ಬಳಸುವ ತಂತು, ಸಂತತಿ, ಸಂತಾನ, ಮೇಲುಗಟ್ಟು ಎಂಬ ಅರ್ಥದ ವಿತಾನ ಎಲ್ಲವೂ ಆ ಧಾತುವಿನವು. ಎಳೆದಷ್ಟೂ ತೆಳುವಾಗುವುದು ಸಹಜವಾದ್ದರಿಂದ ತೆಳ್ಳಗಿನದು ಎಂಬ ಅರ್ಥದ ‘ತನು’, ಅದೇ ಅರ್ಥದ ಇಂಗ್ಲಿಷಿನ ‘ಥಿನ್’ ಕೂಡ ಇದೇ ವಂಶದಲ್ಲಿವೆ. ‘ವಿಸ್ತಾರ’ ಹುಟ್ಟಿದ್ದು ಹಾಸು, ಹರಡು ಎಂಬ ಅರ್ಥದ ‘ಸ್ತೃ’ ಧಾತುವಿನಿಂದ. ಅದರ ಇಂಗ್ಲಿಷ್ ಬಂಧು ಮೇಲೆ ಹೇಳಿದ ‘ಸ್ಟ್ರೂ’. ಲ್ಯಾಟಿನ್ ಮೂಲಕ ಬಂದ ‘ಸ್ಟ್ರೇಟಮ್’ ಮತ್ತು ಕಲ್ಲು ಹಾಸಿದ ದಾರಿ ಎಂಬ ಅರ್ಥದಿಂದ ಬೆಳೆದ ‘ಸ್ಟ್ರೀಟ್’ ಕೂಡ ಆ ಬಳಗದವೇ. ‘ಹರಡು’, ‘ಹಬ್ಬು’ ದ್ರಾವಿಡ ಮೂಲದವು. ಹಳಗನ್ನಡದ ‘ಪರ್ವು’ ಎಂಬುದೇ ‘ಹಬ್ಬು’ ಆಗಿದೆ. ಅವುಗಳಿಗೂ ಈ ಬಳಗಗಳಿಗೂ ಸಂಬಂಧವಿಲ್ಲ.

ಈ ಗುಂಪಿನಲ್ಲಿ ಹೊಲ ತೋಟಗಳಿಂದ ಬಂದವು ಹಲವು ಇವೆ, ಅವುಗಳ ಕಥೆ ನನಗೆ ಹೆಚ್ಚು ಇಷ್ಟ. ‘ಡಿಸೆಮಿನೇಟ್’ ಎಂಬುದರ ಹೊಟ್ಟೆಯಲ್ಲಿ ಬೀಜ ಎಂಬ ಅರ್ಥದ ಲ್ಯಾಟಿನ್ ಪದವಿದೆ. ‘ಬ್ರಾಡ್‌ಕಾಸ್ಟ್’ ಎಂದರೆ ಸಾಲು ಹಿಡಿಯದೆ ಕೈಯಿಂದ ಅಗಲವಾಗಿ ಬೀಜ ಎರಚುವುದು ಎಂದೇ ಅರ್ಥವಿತ್ತು, ಬಿಬಿಸಿ ಹುಟ್ಟಿದ 1922ರ ಹೊತ್ತಿಗೆ ರೇಡಿಯೋದವರು ಅದನ್ನು ತಮ್ಮದಾಗಿಸಿಕೊಂಡಿದ್ದರು. ಒಬ್ಬರಿಗೆಂದು ಗುರಿಯಿಡದೆ ಎಲ್ಲರ ಕಡೆಗೂ ಕಳಿಸುವ ಮಾತಿಗೆ ಇದಕ್ಕಿಂತ ಒಪ್ಪುವ ಪದ ಸಿಕ್ಕುತ್ತಿರಲಿಲ್ಲ. ‘ಪ್ರಾಪಗೇಟ್’ ಬಂದದ್ದು ಗಿಡದ ರೆಂಬೆಯನ್ನು ಬಗ್ಗಿಸಿ ಮಣ್ಣಿಗೆ ಊರಿ ಹೊಸ ಗಿಡ ಮಾಡುವ ತೋಟಗಾರರಿಂದ. ಧರ್ಮಪ್ರಸಾರದ ಮೇಲ್ವಿಚಾರಣೆಗೆಂದು ಪೋಪ್ ಹದಿನೈದನೆಯ ಗ್ರೆಗರಿ 1622ರಲ್ಲಿ ಸ್ಥಾಪಿಸಿದ ಮಂಡಳಿಯ ಲ್ಯಾಟಿನ್ ಹೆಸರಿನಲ್ಲಿ ಅದೇ ಕ್ರಿಯಾಪದ ಸೇರಿಕೊಂಡು, ಅಲ್ಲಿಂದ ‘ಪ್ರೊಪಗಾಂಡಾ’ ಹೊರಬಂತು.

ಪ್ರಶ್ನೆ: ‘ದ ಎಕ್ಸಾಮ್ ಹ್ಯಾಸ್ ಬೀನ್ ಎಕ್ಸ್‌ಟೆಂಡೆಡ್ ಬೈ ಎ ವೀಕ್’ ಎಂದು ಪ್ರಕಟಣೆಯಲ್ಲಿ ಬರೆದಿದ್ದೆವು. ಸರಿಯೇ?

ಉತ್ತರ: ಅದನ್ನು ಓದಿದ ಇಂಗ್ಲಿಷ್ ಬಲ್ಲವರಿಗೆ ಪರೀಕ್ಷೆಯೇ ಒಂದು ವಾರ ಹೆಚ್ಚು ನಡೆಯುತ್ತದೆ ಎಂದು ತೋರುತ್ತದೆ. ಆರಂಭದ ದಿನವನ್ನು ಮುಂದಕ್ಕೆ ಹಾಕಿದ್ದರೆ ‘ಪೋಸ್ಟ್‌ಪೋನ್’ ಎನ್ನಬೇಕು. ಅರ್ಜಿ ಸಲ್ಲಿಸುವ ಗಡುವನ್ನು ಮುಂದೂಡಿದ್ದರೆ ಮಾತ್ರ ‘ಎಕ್ಸ್‌ಟೆಂಡ್’ ಸರಿ, ಏಕೆಂದರೆ ಅಲ್ಲಿ ಅವಧಿ ನಡೆಯುತ್ತಿದ್ದು ಅದರ ಕೊನೆಯ ಅಂಚಷ್ಟೇ ಸರಿಯುತ್ತದೆ. ಪ್ರಕಟಣೆಗಳಲ್ಲಿ ಮರಳಿ ಮರಳಿ ಕಾಣುವ ಇನ್ನೊಂದು ಎಡವಟ್ಟು ‘ಟು ಎ ಗ್ರೇಟ್ ಎಕ್ಸ್‌ಟೆಂಡ್’. ಅಲ್ಲಿ ಬೇಕಾದದ್ದು ಟಕಾರದಲ್ಲಿ ಕೊನೆಯಾಗುವ ‘ಎಕ್ಸ್‌ಟೆಂಟ್’ ಎಂಬ ನಾಮಪದ.